ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ

ಕೋರಿ ಬುಕರ್ ಮಾಡಿದ್ದು ಸರಿಯಲ್ಲ. 2025ರ ಮಾರ್ಚ್ 31ರ ಸಂಜೆಯಿಂದ ಏಪ್ರಿಲ್ 1ರ ರಾತ್ರಿಯವರೆಗೆ ಅಮೆರಿಕದ ಸೆನೆಟ್‌ನಲ್ಲಿ 25 ಗಂಟೆ 5 ನಿಮಿಷ ನಿಂತು ಮಾತನಾಡಿ, ಹಳೆಯ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಅವರ ಅತಿ ದೀರ್ಘ ಭಾಷಣದ ದಾಖಲೆಯನ್ನು ಮುರಿದೇಬಿಟ್ಟರು. ಅದೂ ಕಪ್ಪು ಜನಾಂಗದವರೊಬ್ಬರ ಕೈಯಲ್ಲಿ! ಎಲ್ಲಿದ್ದರೂ ಆ ಹಿರಿಯ ಜೀವಕ್ಕೆ ಹೊಟ್ಟೆ ಎಷ್ಟು ಉರಿದಿರಬೇಡ.

ಆ ದಾಖಲೆಗಾಗಿ ಪಾಪ, ಅವರು ಪಟ್ಟ ಪಾಡು ಕಡಿಮೆಯೇ? 1957ರ ಆಗಸ್ಟ್‌ನಲ್ಲಿ ಕರಿಯರ ಮತದಾನದ ಹಕ್ಕನ್ನು ಕಾಯುವ ಮಸೂದೆ ಬಂದಿತ್ತು. ಅದನ್ನು ಉದ್ದುದ್ದ ಮಾತಿನಿಂದಲೇ ತಡೆಯಹೊರಟ ದಕ್ಷಿಣ ಕೆರೊಲಿನಾದ ಈ ಮಹಾನುಭಾವರು ಮೊದಲು ಹಬೆಸ್ನಾನಕ್ಕೆ ಕುಳಿತು ಮೈಯ ನೀರನ್ನೆಲ್ಲ ಬೆವರಾಗಿ ಇಳಿಸಿಕೊಂಡರು. ಆಮೇಲೆ ಕುಡಿದ ನೀರನ್ನು ಒಣಗಿದ ದೇಹವೇ ಹೀರಿಕೊಳ್ಳಲಿ, ಕೆಳಗಿಳಿಯದಿರಲಿ ಎಂಬ ಲೆಕ್ಕ. ಸಭೆಯಿಂದ ಹೊರಗೆ ಹೋದರೆ ಮಾತಿನ ಸರದಿಯೂ ಹೋಗುತ್ತದಲ್ಲ! ಅಷ್ಟಾದರೂ ನಂಬಿಕೆ ಸಾಲದೆ ಪಕ್ಕದ ಕೋಣೆಯಲ್ಲಿ ಸಹಾಯಕನೊಬ್ಬ ಬಕೆಟ್ ಹಿಡಿದು ಕಾದಿದ್ದನಂತೆ. ಒಂದು ಕಾಲು ಸಭೆಯೊಳಗೆ, ಇನ್ನೊಂದು ಬಕೆಟ್ಟಿನ ಕಡೆಗೆ. ಬಾಧೆಯೂ ತೀರಬೇಕು, ಸರದಿಯೂ ಉಳಿಯಬೇಕು. ಒಂಟಿಕಾಲಲ್ಲಿ ನಿಂತು ತಪಸ್ಸು ಮಾಡಿದ ಋಷಿಗಳನ್ನು ಬಲ್ಲೆವು. ಅವರಲ್ಲಿ ಯಾರಿಗೂ ಬಕೆಟ್ ಹಿಡಿಯುವ ಶಿಷ್ಯನಿದ್ದ ಹಾಗೆ ಪುರಾಣಗಳು ಹೇಳುವುದಿಲ್ಲ.

ಕೈಯಲ್ಲಿ ರಾಜ್ಯಗಳ ಚುನಾವಣಾ ಕಾನೂನುಗಳ ಕಂತೆ. ಒಂದೊಂದಾಗಿ ಓದಿದರು. ಸ್ವಾತಂತ್ರ್ಯದ ಘೋಷಣೆಯನ್ನೂ ಓದಿದರು. ಎಲ್ಲ ಮನುಷ್ಯರೂ ಸಮಾನರು ಎಂಬ ಸಾಲು ಗಂಟಲಲ್ಲಿ ಸಿಕ್ಕಿಕೊಂಡ ವರದಿಯಿಲ್ಲ. ಒಟ್ಟು 24 ಗಂಟೆ 18 ನಿಮಿಷ. ಅವರು ಮಾತು ಮುಗಿಸಿದ ಸುಮಾರು ಎರಡೇ ಗಂಟೆಯಲ್ಲಿ ಮಸೂದೆ 60–15ರಲ್ಲಿ ಪಾಸಾಯಿತು.

ಅದಕ್ಕೂ ಮೊದಲು, 1948ರಲ್ಲಿ, ಅಧ್ಯಕ್ಷ ಪದವಿಗೆ ನಿಂತಿದ್ದಾಗ ಅವರ ಘೋಷಣೆ ಇನ್ನೂ ಜೋರಾಗಿತ್ತು. ಕರಿಯರನ್ನು ನಮ್ಮ ಚಿತ್ರಮಂದಿರಕ್ಕೆ, ಈಜುಕೊಳಕ್ಕೆ, ಚರ್ಚಿಗೆ, ಮನೆಗೆ ಸೇರಿಸಲು ಇಡೀ ಸೈನ್ಯ ಬಂದರೂ ಸಾಲದು ಎಂದರು. ನಾಲ್ಕು ರಾಜ್ಯಗಳು ಚಪ್ಪಾಳೆ ತಟ್ಟಿ ಗೆಲ್ಲಿಸಿದವು.

ಮನೆಗೆ! ಅವರ ಅಪ್ಪನ ಮನೆಯಲ್ಲೇ ಕೆಲಸಕ್ಕಿದ್ದವಳು ಕ್ಯಾರಿ ಬಟ್ಲರ್ ಎಂಬ ಕಪ್ಪು ಹುಡುಗಿ. 1925ರಲ್ಲಿ ಅವಳು ಇವರ ಮಗಳನ್ನು ಹೆತ್ತಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ನಕ್ಕು ಮುಂದೆ ಹೋಗಬಹುದಿತ್ತು. ಹೋಗಲಾಗುವುದಿಲ್ಲ. ಅವಳಿಗೆ 16 ವರ್ಷ, ಇವನಿಗೆ 22. ಸ್ವಂತ ಮಗಳಿಗೆ ಗುಟ್ಟಾಗಿ ಹಣ ಕೊಡುತ್ತಲೇ, ಅವಳಂಥವರಿಗೆ ಮತದ ಹಕ್ಕು ಸಿಗಬಾರದೆಂದು ಹಗಲೂ ರಾತ್ರಿ ನಿಂತು ಓದಿದವನು ಇವನು. ಇಂಥವನನ್ನು ಅರ್ಧ ಶತಮಾನದ ಹತ್ತಿರ ಸೆನೆಟ್‌ನಲ್ಲಿ ಕೂರಿಸಿದರು. 100 ತುಂಬಿದಾಗ ಕೇಕ್ ಕತ್ತರಿಸಿ, 1948ರಲ್ಲಿ ಇವರೇ ಗೆದ್ದಿದ್ದರೆ ಚೆನ್ನಾಗಿತ್ತು ಎಂದು ಹೊಗಳಿದ ಟ್ರೆಂಟ್ ಲಾಟ್ ಸೆನೆಟ್‌ನ ರಿಪಬ್ಲಿಕನ್ ನಾಯಕನ ಕುರ್ಚಿಯನ್ನೇ ಕಳೆದುಕೊಂಡ. ಹೊಗಳಿಸಿಕೊಂಡವನಿಗೆ ಏನೂ ಆಗಲಿಲ್ಲ.

ಅವನು ಸತ್ತದ್ದು 2003ರ ಜೂನ್‌ನಲ್ಲಿ. ಡಿಸೆಂಬರ್‌ನಲ್ಲಿ ಆ ಮಗಳು, ಎಸ್ಸಿ ಮೇ ವಾಷಿಂಗ್ಟನ್ ವಿಲಿಯಮ್ಸ್, ಬಾಯಿಬಿಟ್ಟರು. ನಿವೃತ್ತ ಶಿಕ್ಷಕಿ, ಆಗ 78 ವರ್ಷ.

ದಕ್ಷಿಣ ಕೆರೊಲಿನಾದ ರಾಜಧಾನಿ ಕೊಲಂಬಿಯಾದ ಶಾಸನಸಭೆಯ ಅಂಗಳದಲ್ಲಿ ಥರ್ಮಂಡ್ ಪ್ರತಿಮೆಯಿದೆ. ಪೀಠದ ಕಲ್ಲಿನಲ್ಲಿ ನಾಲ್ಕು ಮಕ್ಕಳ ತಂದೆ ಎಂದು ಕೆತ್ತಿದ್ದರು. 2004ರಲ್ಲಿ ಎಸ್ಸಿ ಮೇ ಹೆಸರು ಸೇರಿಸಿ, ಫೋರ್ ಎಂಬುದನ್ನು ಫೈವ್ ಮಾಡಿದರು. ಇಂಗ್ಲಿಷಿನಲ್ಲಿ ಎರಡೂ ನಾಲ್ಕಕ್ಷರದ ಪದಗಳು, ಮೊದಲಕ್ಷರವೂ ಒಂದೇ. ಆ ಪದ ಬದಲಿಸಲು ಕಲ್ಲುಕುಟಿಗನಿಗೆ ಮೂರೇ ಅಕ್ಷರದ ಕೆಲಸ.