ಕಾಲ್ಪನಿಕ ಸಂಬಳ, ನಿಜವಾದ ಕಡಿತ

ನಾನು ಪ್ರಥಮ ದರ್ಜೆ ಸಹಾಯಕ. ಜನರ ಬಾಯಲ್ಲಿ ಎಫ್‌ಡಿಎ, ಸರ್ಕಾರದ ಲೆಕ್ಕದಲ್ಲಿ ಗ್ರೂಪ್ ಸಿ. ಇಂಥ ನನಗೂ ಸಂಜೀವಿನಿ ಸಿಕ್ಕಿದೆ. ಆರೋಗ್ಯ ಸಂಜೀವಿನಿ ಅಂತ ಪೂರ್ತಿ ಹೆಸರು. ಆಸ್ಪತ್ರೆಗೆ ಸೇರಿದರೆ ಕೈಯಿಂದ ದುಡ್ಡು ಕಟ್ಟಬೇಕಿಲ್ಲ. ಸರ್ಕಾರಿ ಆದೇಶ ಹೊರಟಿದ್ದು 2022ರಲ್ಲಿ. ಜಾರಿಗೆ ಬಂದಿದ್ದು 2025ರ ಅಕ್ಟೋಬರ್ 1ಕ್ಕೆ.

ಹನುಮಂತ ಒಂದೇ ರಾತ್ರಿಯಲ್ಲಿ ತಂದಿದ್ದ. ಅವನಿಗೇನು, ಆರ್ಥಿಕ ಇಲಾಖೆಯ ಸಹಮತಿ ಬೇಕಿರಲಿಲ್ಲ. ಬೇಕಾಗಿದ್ದಿದ್ದರೆ ಕಡತ ಹೀಗೆ ವಾಪಸ್ ಬರುತ್ತಿತ್ತು: ಕೇಂದ್ರಸ್ಥಾನ ಬಿಡಲು ಅನುಮತಿ ಪಡೆಯಲಾಗಿದೆಯೇ? ಸಮುದ್ರ ಹಾರಿದ್ದಕ್ಕೆ ಪ್ರಯಾಣ ಭತ್ಯೆ ಯಾವ ದರದಲ್ಲಿ? ಮಂಜೂರಾಗಿದ್ದು ಒಂದು ಬೇರು, ತಂದಿದ್ದು ಇಡೀ ಬೆಟ್ಟ. ಹೆಚ್ಚುವರಿ ಬೆಟ್ಟವನ್ನು ದಾಸ್ತಾನು ವಹಿಗೆ ಹತ್ತಿಸಲಾಗಿದೆಯೇ? ಲಕ್ಷ್ಮಣ ಯಾರ ಅವಲಂಬಿತ, ರೇಷನ್ ಕಾರ್ಡಿನಲ್ಲಿ ಹೆಸರಿದೆಯೇ? ಸ್ಪಷ್ಟೀಕರಣದೊಂದಿಗೆ ಕಡತ ಮರುಮಂಡಿಸಿ.

ಅಷ್ಟರಲ್ಲಿ ಲಕ್ಷ್ಮಣನ ಫ್ಯಾಮಿಲಿ ಪೆನ್ಷನ್ ಕಡತ ಶುರು ಮಾಡಬೇಕಾಗುತ್ತಿತ್ತು.

ಸುಮ್ನೆ ಬೈಯ್ಯಬಾರದು, ಯೋಜನೆ ಒಳ್ಳೆಯದೇ. ನನ್ನ ವಂತಿಗೆ ತಿಂಗಳಿಗೆ 350 ರೂಪಾಯಿ, ಗ್ರೂಪ್ ಎ ಸಾಹೇಬರದ್ದು 1,000. ನನಗೆ ಆಶ್ಚರ್ಯ ಒಂದೇ. ಕೊಡುವ ಕಡತಕ್ಕೆ ಸುತ್ತೋಲೆ, ಸುತ್ತೋಲೆಗೆ ತಿದ್ದೋಲೆ, ತಿದ್ದೋಲೆಗೆ ಸ್ಪಷ್ಟೀಕರಣ. ಕಡಿತಕ್ಕೆ ಇದ್ಯಾವುದೂ ಬೇಡ. ಸಂಬಳದ ಚೀಟಿಯಲ್ಲಿ ತಾನಾಗೇ ಒಂದು ಕಾಲಂ ಹುಟ್ಟಿಕೊಂಡಿರುತ್ತದೆ.

ನಾಲ್ಕನೇ ಶನಿವಾರದ ಕಥೆಯೂ ಇದೇ. 2019ರ ಜೂನ್‌ನಲ್ಲಿ ಆ ರಜೆ ಸಿಕ್ಕಾಗ ಊರೆಲ್ಲ ಬೈದಿದ್ದೇ ಬೈದಿದ್ದು, ಇವರಿಗೆ ಮಜಾ ಅಂತ. ಜೊತೆಯಲ್ಲೇ 15 ಇದ್ದ ಸಾಂದರ್ಭಿಕ ರಜೆ 10ಕ್ಕೆ ಇಳಿದಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಸಿಎಲ್ ಅಂದರೆ ಮಗುವಿಗೆ ಜ್ವರ ಬಂದ ದಿನ ಹಾಕೋದು. ಈಗ ಮನೆಯಲ್ಲಿ ಮಗಳಿಗೆ ಹೇಳಿಟ್ಟಿದ್ದೇವೆ: ಜ್ವರ ಬರಿಸಿಕೊಳ್ಳೋದಾದರೆ ನಾಲ್ಕನೇ ಶನಿವಾರ ಬರಿಸಿಕೋ ಪುಟ್ಟಿ.

ಇನ್ನು ಏಳನೇ ವೇತನ ಆಯೋಗ. 2022ರ ನವೆಂಬರ್‌ನಲ್ಲಿ ರಚನೆ, ಆರು ತಿಂಗಳ ಗಡುವು. ವರದಿ ಬಂದಿದ್ದು 2024ರ ಮಾರ್ಚ್‌ನಲ್ಲಿ. ನಡುವೆ ಶೇ 17 ಮಧ್ಯಂತರ ಪರಿಹಾರ ಕೊಟ್ಟರು, ಅದೂ ನಾವು ಮುಷ್ಕರ ಶುರು ಮಾಡಿದ ದಿನವೇ. ಕೊನೆಗೆ ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಯಾವಾಗಿನಿಂದ? ಇಲ್ಲಿದೆ ನೋಡಿ ಕಾವ್ಯ. 2022ರ ಜುಲೈ 1ರಿಂದ ‘ಕಾಲ್ಪನಿಕವಾಗಿ’, 2024ರ ಆಗಸ್ಟ್ 1ರಿಂದ ನಗದಾಗಿ. ಎರಡು ವರ್ಷ ನನಗೆ ಕಾಲ್ಪನಿಕ ಸಂಬಳ ಜಾಸ್ತಿಯಾಗಿತ್ತಂತೆ! ಗೊತ್ತಿದ್ದರೆ ದಿನಸಿ ಅಂಗಡಿ ಶೆಟ್ಟರಿಗೆ ಕಾಲ್ಪನಿಕವಾಗಿ ಬಾಕಿ ತೀರಿಸಿಬಿಡುತ್ತಿದ್ದೆ. ಆ ಎರಡು ವರ್ಷದಲ್ಲಿ ನಿವೃತ್ತರಾದವರು ಗ್ರಾಚುಟಿ ಹಣಕ್ಕೆ ಬೀದಿಗಿಳಿದರು. ಅವರ ನಿವೃತ್ತಿ ಮಾತ್ರ ಕಾಲ್ಪನಿಕ ಆಗಿರಲಿಲ್ಲ.

ಹಾಗಂತ ಸರ್ಕಾರಕ್ಕೆ ವೇಗವೇ ಗೊತ್ತಿಲ್ಲ ಅಂದುಕೊಳ್ಳಬೇಡಿ. 2022ರ ಜುಲೈನಲ್ಲಿ, ಕಚೇರಿಯಲ್ಲಿ ಸಾರ್ವಜನಿಕರು ಫೋಟೊ, ವಿಡಿಯೊ ತೆಗೆಯಬಾರದು ಅಂತ ಆದೇಶ ಬಂತು. ಜನ ಉಗಿದರು. ರಾತ್ರೋರಾತ್ರಿ ವಾಪಸ್ ಹೋಯಿತು. ಇನ್ನೂ ಚೆಂದದ್ದು 2025ರ ಮಾರ್ಚ್ 21. ವಿಧಾನಸಭೆಯಲ್ಲಿ ಕೂಗಾಟ, ತೂರಾಟ, 18 ಶಾಸಕರ ಅಮಾನತು. ಯಾರ ಮಾತು ಯಾರಿಗೂ ಕೇಳಿಸದ ಆ ಗದ್ದಲದಲ್ಲಿ ಒಂದು ವಿಷಯ ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ಶಾಸಕರ ಸಂಬಳ 40,000ದಿಂದ 80,000, ಮುಖ್ಯಮಂತ್ರಿಯವರದ್ದು 75,000ದಿಂದ ಒಂದೂವರೆ ಲಕ್ಷ. ಚರ್ಚೆ ಇಲ್ಲ, ಆಯೋಗ ಇಲ್ಲ, ಕಾಲ್ಪನಿಕ ಇಲ್ಲವೇ ಇಲ್ಲ. ಮಾಜಿ ಶಾಸಕರ ಪಿಂಚಣಿಯೂ 50,000ದಿಂದ 75,000 ಆಯಿತು. 2006ರ ಏಪ್ರಿಲ್ ನಂತರ ಸೇರಿದ ನಮಗೆ ಹಳೇ ಪಿಂಚಣಿ ಕೊಟ್ಟರೆ ಖಜಾನೆ ತಡೆಯಲ್ಲ ಅನ್ನುತ್ತಾರೆ. ತಡೆಯಲ್ಲ ಬಿಡಿ, ಆಗಲೇ ಭಾರ ಜಾಸ್ತಿ ಆಗಿದೆಯಲ್ಲ.

ಇದನ್ನೆಲ್ಲ ಮೊನ್ನೆ ಶುಕ್ರವಾರ ಸಂಜೆ ಪಕ್ಕದ ಟೇಬಲ್‌ನವರ ಹತ್ತಿರ ಜೋರಾಗಿ ಹೇಳಿಕೊಳ್ಳುತ್ತಿದ್ದೆ. ಬಾಗಿಲ ಹತ್ತಿರ ಒಬ್ಬರು ಅಜ್ಜಿ ನಿಂತಿದ್ದರು. ಸಂಧ್ಯಾ ಸುರಕ್ಷಾ ಹಣ ನಿಂತುಹೋಗಿದೆ ಅಂತ ಹೋದ ವರ್ಷದಿಂದ ಬರುತ್ತಿರುವವರು. ನನ್ನ ಮಾತು ಪೂರ್ತಿ ಕೇಳಿಸಿಕೊಂಡರು ಅಂತ ಕಾಣುತ್ತೆ.

‘ಮೂರೇ ವರ್ಷಕ್ಕೆ ಬಂತಾ ಸ್ವಾಮಿ? ಪುಣ್ಯವಂತರು ಬಿಡಿ,’ ಅಂದರು. ‘ನಂದು ಎಲ್ಲಿಗೆ ಬಂತು?’

ಕಡತ ಹುಡುಕಿದೆ. ನನ್ನ ಟೇಬಲ್ ಮೇಲೇ ಇತ್ತು. ಗೋಡೆಯ ಗಡಿಯಾರ ನೋಡಿದೆ, ಐದೂವರೆ.

‘ನಾಳೆ ನಾಲ್ಕನೇ ಶನಿವಾರ ಅಜ್ಜಿ,’ ಅಂದೆ. ‘ಸೋಮವಾರ ಬಾ.’