ಬಾಗಿಲಿನ ತಳವನ್ನು ಯಾರು ನೋಡುತ್ತಾರೆ?

ಇವತ್ತು ಬೆಳಿಗ್ಗೆ ನಮ್ಮ ಬಚ್ಚಲುಮನೆಗೆ ಹೊಸ ಬಾಗಿಲು ಕೂರಿಸಿದರು. ಮಧ್ಯಾಹ್ನದ ಊಟಕ್ಕೆ ಮೊದಲೇ ನಾನು ಅದನ್ನು ಬಿಚ್ಚಿಸಿದೆ. ಇದನ್ನು ಬರೆಯುತ್ತಿರುವಾಗ ಆ ಬಾಗಿಲು ಜಗುಲಿಯಲ್ಲಿ ಎರಡು ಸ್ಟೂಲುಗಳ ಮೇಲೆ ಮಲಗಿದೆ, ಬಚ್ಚಲುಮನೆಯ ಚೌಕಟ್ಟಿಗೆ ಹಳೆಯ ಬೆಡ್‌ಶೀಟು ತೂಗುತ್ತಿದೆ, ನಮ್ಮ ಯಜಮಾನರು ನನ್ನೊಡನೆ ಮಾತು ಕಡಿಮೆ ಮಾಡಿದ್ದಾರೆ. ಕಾರಣ ಇಷ್ಟೇ: ಬಾಗಿಲಿನ ತಳಕ್ಕೆ ಬಣ್ಣ ಹಚ್ಚಿರಲಿಲ್ಲ.

ತಳ ಎಂದರೆ ಬಾಗಿಲಿನ ಕೆಳಭಾಗವಲ್ಲ. ನೆಲಕ್ಕೆ ಮುಖ ಮಾಡಿರುವ, 30 ಇಂಚು ಅಗಲದ, ಒಂದೂಕಾಲು ಇಂಚು ದಪ್ಪದ ಆ ಅಂಚು. ನಮ್ಮ ಹಳೆಯ ಬಾಗಿಲು ಸತ್ತದ್ದು ಅಲ್ಲಿಂದಲೇ. 1994ರಲ್ಲಿ ಮನೆ ಕಟ್ಟಿಸಿದಾಗ ಮಾಡಿಸಿದ ಹಲಸಿನ ಬಾಗಿಲು ಅದು. ಮೇಲಿನಿಂದ ಮೊಣಕಾಲಿನ ಮಟ್ಟದವರೆಗೆ ಈಗಲೂ ತಟ್ಟಿದರೆ ಗಟ್ಟಿ ಸದ್ದು ಬರುತ್ತಿತ್ತು, ಆದರೆ ಕೆಳಗಿನ ನಾಲ್ಕು ಬೆರಳಿನಷ್ಟು ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಚಹಾದಲ್ಲಿ ಅದ್ದಿದ ರಸ್ಕಿಗೆ ಚುಚ್ಚಿದ ಹಾಗೆ ಒಳಗೆ ಇಳಿಯುತ್ತಿತ್ತು.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ಎಂಬುದು ನಿಮಗೆಲ್ಲ ಗೊತ್ತೇ ಇದೆ, ಆದ್ದರಿಂದ ಒಂದು ನಿಮಿಷ ಬೆಂಚಿನಿಂದ ಏಳಬೇಡಿ. ಮರವೆಂದರೆ ಬೇರಿನಿಂದ ಎಲೆಯವರೆಗೆ ನೀರು ಸಾಗಿಸುತ್ತಿದ್ದ ಸಣ್ಣ ಕೊಳವೆಗಳ ಕಟ್ಟು. ಅದರ ಪಕ್ಕದ ಮೈ ನೀರನ್ನು ನಿಧಾನವಾಗಿ ಹೀರುತ್ತದೆ. ಅಡ್ಡ ಕೊಯ್ದ ತುದಿ ಮಾತ್ರ ಕೊಳವೆಗಳ ಬಾಯಿ ತೆರೆದುಕೊಂಡು ಬಲುಬೇಗ ಹೀರುತ್ತದೆ. ಬಾಗಿಲಿನ ಎರಡು ನಿಲುವು ಪಟ್ಟಿಗಳ ಅಂಥ ತುದಿಗಳು ಇರುವುದು ಎಲ್ಲಿ? ಬಚ್ಚಲಿನ ನೀರು ದಿನಕ್ಕೆ ಹತ್ತು ಸಲ ಸಿಡಿಯುವ ಜಾಗದಲ್ಲಿ, ತಳದಲ್ಲಿ. ಎದುರಿನ ಮೈಗೆ ಮೂರು ಕೈ ಎನಾಮಲ್ ಬಳಿದು ಈ ಬಾಯಿಗಳನ್ನು ಹಾಗೆಯೇ ಬಿಡುವುದು, ಕೊಡೆ ಹಿಡಿದು ಹೊಳೆಯಲ್ಲಿ ನಿಂತಂತೆ.

ಹೊಸದು ಫ್ಲಶ್ ಡೋರ್, ಅಂದರೆ ಎರಡೂ ಮೈ ಸಪಾಟಾಗಿರುವ, ಪದರಗಳನ್ನು ಅಂಟಿಸಿ ಮಾಡಿದ ಮರದ ಬಾಗಿಲು. ಇಂಥ ಬಾಗಿಲುಗಳ ಭಾರತೀಯ ಮಾನಕವಾದ ಐಎಸ್ 2202 ಎಂಬ ಗುರುತನ್ನು ಕನ್ನಡಕ ಏರಿಸಿ ಓದಿಯೇ ಕೊಂಡೆ. ಅಂಗಡಿಯಲ್ಲಿ ಸಿಗುವುದು 81 ಇಂಚು ಎತ್ತರದ್ದು, ನಮ್ಮ ಚೌಕಟ್ಟಿಗೆ ಬೇಕಾದದ್ದು 78½. ಹಾಗಾಗಿ ಎರಡೂವರೆ ಇಂಚು ಕೊಯ್ಯಲೇಬೇಕಾಯಿತು, ಅದರೊಡನೆ ಕಾರ್ಖಾನೆಯಲ್ಲಿ ಅಂಚಿಗೆ ಕೊಟ್ಟಿದ್ದ ಗಟ್ಟಿ ಪಟ್ಟಿಯ ಬಹುಭಾಗವೂ ಹೋಯಿತು. ಒಳಗಿನ ಅಂಟು ನೀರು ತಡೆಯಬಹುದು, ಆದರೆ ಹೊಸದಾಗಿ ಕೊಯ್ದ ಮರ ಆ ಗುರುತನ್ನು ಓದಿ ಬಾಯಾರಿಕೆ ಬಿಡುವುದಿಲ್ಲವಲ್ಲ.

ಬಂದ ಆಚಾರ್ರು ಕೆಟ್ಟ ಕೆಲಸಗಾರರಲ್ಲ. ಬಂದವರೇ "ಸಾರ್ ಇಲ್ವಾ ಅಮ್ಮಾ?" ಎಂದು ಕೇಳಿದ್ದನ್ನು ನಾನು ಮನ್ನಿಸಿದ್ದೇನೆ, ಮರೆತಿಲ್ಲ. ಚೌಕಟ್ಟಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಅಳೆದರು. ಮೂರೂ ಕಡೆ ಬೇರೆ ಬೇರೆ ಅಳತೆ ಬಂತು, ಅದಕ್ಕೆ ತಕ್ಕಂತೆ ಅಂಚನ್ನು ಕೀಸಿದರು. ಈಗ ಮೇ ತಿಂಗಳು, ಮರ ಒಣಗಿದೆ, ನಮ್ಮ ಸಾಗರ ಊರಿನ ಮಳೆ ಹಿಡಿದ ಮೇಲೆ ಉಬ್ಬುತ್ತದೆ ಎಂದು ಲೆಕ್ಕ ಹಾಕಿ ಪಕ್ಕದಲ್ಲಿ ಮೂರು ಮಿಲಿಮೀಟರಿಗಿಂತ ಒಂದು ಕೂದಲು ಹೆಚ್ಚೇ ಸಂದು ಬಿಟ್ಟರು. ಹಿಂಜಿನ ತಗಡು ಮರದ ಮಟ್ಟಕ್ಕೆ ಕೂರುವಂತೆ ಉಳಿಯಿಂದ ಕೆತ್ತಿದ್ದನ್ನು ನೋಡಿ ನನಗೆ ಖುಷಿಯೇ ಆಯಿತು. ಆಮೇಲೆ ಸ್ಕ್ರೂಗಳನ್ನು ಸುತ್ತಿಗೆಯಿಂದ ಮುಕ್ಕಾಲು ಹೊಡೆದು ಕೊನೆಗೆ ಎರಡು ಸುತ್ತು ತಿರುಗಿಸಿದರು. ನಾನು ಉಗುಳು ನುಂಗಿಕೊಂಡೆ. ಬಾಗಿಲನ್ನು ಎತ್ತಿ ಚೌಕಟ್ಟಿಗೆ ಹಿಡಿದಾಗ ಮಾತ್ರ ತಡೆಯಲಾಗದೆ, ತಳಕ್ಕೆ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚಿನ ಅಡಿಲೇಪ, ಹಚ್ಚುವುದಿಲ್ಲವೇ ಎಂದು ಕೇಳಿದೆ.

"ಬಾಗಿಲಿನ ತಳ ಯಾರು ನೋಡ್ತಾರಮ್ಮಾ? ಪೇಂಟಿನವರು ಹಚ್ತಾರೆ ಬಿಡಿ."

ಪೇಂಟಿನವರಿಗೆ ಫೋನು ಮಾಡಿದೆ. ಕೂರಿಸಿದ ಬಾಗಿಲಿನ ಕೆಳಗೆ ಅರ್ಧ ಇಂಚು ಸಂದಿಯಲ್ಲಿ ಬ್ರಷ್ಷು ಹೋಗುವುದಿಲ್ಲ, ಅದನ್ನು ಆಚಾರ್ರೇ ಹಚ್ಚಿ ಕೂರಿಸಬೇಕಿತ್ತು ಎಂದರು. ಇಬ್ಬರ ಮಾತೂ ಅವರವರ ಮಟ್ಟಿಗೆ ಸರಿ. ಮರದ ಕೆಲಸದ ಲೆಕ್ಕದಲ್ಲೂ ಇಲ್ಲದೆ, ಬಣ್ಣದ ಕೆಲಸದ ಲೆಕ್ಕದಲ್ಲೂ ಇಲ್ಲದೆ, ಆ ಅಂಚು ಊರಿನ ಎಲ್ಲ ಮನೆಗಳಲ್ಲೂ ಅನಾಥವಾಗಿ ಉಳಿದಿದೆ. ಗಂಧದ ಕಟ್ಟಿಗೆಯಲ್ಲಿ ಬಳ್ಳಿ, ಹೂವು, ಆನೆಯ ಸೊಂಡಿಲು ಕೆತ್ತುವ ಗುಡಿಗಾರರ ಊರು ನಮ್ಮದು. ಇಲ್ಲಿ ಒಂದು ಬಾಗಿಲಿನ ತಳಕ್ಕೆ ಎರಡು ಕೈ ಪ್ರೈಮರ್ ಹಚ್ಚುವವರು ಸಿಗಲಿಲ್ಲ ಎಂದರೆ ಯಾರ ಮುಂದೆ ಹೇಳಿಕೊಳ್ಳಲಿ.

ಬಚ್ಚಲುಮನೆಗೆ ಮರವೇಕೆ, ಪಿವಿಸಿ ಹಾಕಿಸಬಾರದಿತ್ತೇ ಎಂದು ನಿಮ್ಮಲ್ಲಿ ನಾಲ್ವರಾದರೂ ಕೇಳುತ್ತೀರಿ. ಹಾಕಿಸಬಹುದಿತ್ತು, ನೀರಿಗೆ ಅದು ಕೊಳೆಯುವುದಿಲ್ಲ, ಒಪ್ಪಿದೆ. ಹಾಗಾದರೆ ಮಳೆಯ ಇರಚಲು ಹೊಡೆಯುವ ಹಿತ್ತಿಲ ಬಾಗಿಲಿಗೂ, ದಿನವೂ ಹೊಸ್ತಿಲು ತೊಳೆಯುವ ಮುಂಬಾಗಿಲಿಗೂ ಪಿವಿಸಿಯನ್ನೇ ಹಾಕಿಸಬೇಕೇ? ಇನ್ನೂರು ರೂಪಾಯಿ ಒಳಗಿನ ಪ್ರೈಮರ್ ಡಬ್ಬಿಯಲ್ಲಿ ಮುಗಿಯುವ ಕೆಲಸಕ್ಕೆ ಮರವನ್ನೇ ಬಿಡಿ ಎನ್ನುವ ಸಲಹೆ ನನಗೆ ಬೇಡ. ಆಚಾರ್ರಿಗೆ ಬಾಗಿಲಿಗಿಷ್ಟು ಎಂದು ಕೂಲಿ, ಒಣಗುವವರೆಗೆ ಕಾದರೆ ಅವರ ದಿನ ಹೋಗುತ್ತದೆ ಎಂಬುದು ನ್ಯಾಯವಾದ ಮಾತು. ಆದರೆ ಮುಂಚೆಯೇ ಹೇಳಿದ್ದರೆ ಹಿಂದಿನ ಸಂಜೆ ನಾನೇ ಹಚ್ಚಿ ಇಡುತ್ತಿದ್ದೆ. ಹೇಳಲಿಲ್ಲ, ಏಕೆಂದರೆ ಅದನ್ನು ಯಾರೂ ನೋಡುವುದಿಲ್ಲ!

ಇಷ್ಟು ಕೂಗಾಡಿದ ಮೇಲೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಹಳೆಯ ಬಾಗಿಲು ಇದ್ದಷ್ಟು ಕಾಲದಲ್ಲಿ ಈ ಮನೆಗೆ ಮೂರು ಸಲ ಬಣ್ಣ ಹೊಡೆಸಿದ್ದೇವೆ, ಮೂರು ಸಲವೂ ಮೇಲೆ ನಿಂತು ಕೆಲಸ ಮಾಡಿಸಿದವಳು ನಾನೇ. ಸ್ವಿಚ್‌ಬೋರ್ಡಿನ ಹಿಂದೆ, ಕಿಟಕಿ ಸರಳಿನ ಒಳಬದಿಯಲ್ಲಿ ಬಣ್ಣ ಬಿಟ್ಟುಹೋದದ್ದನ್ನು ಬೆರಳಿಟ್ಟು ತೋರಿಸಿದ ನನಗೆ ಬಾಗಿಲಿನ ತಳ ಒಮ್ಮೆಯೂ ನೆನಪಾಗಲಿಲ್ಲ. ಅಷ್ಟೇ ಅಲ್ಲ, ಕೊಳೆತಷ್ಟನ್ನು ಕೊಯ್ದು ಕೆಳಗೆ ಹೊಸ ಪಟ್ಟಿ ಜೋಡಿಸಿದರೆ ಇನ್ನೂ ಹತ್ತು ವರ್ಷ ಬರುತ್ತದೆ ಎಂದು ಯಜಮಾನರು ಹೇಳಿದ್ದರು. ಹೊಸದರ ಉಮೇದಿನಲ್ಲಿ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಹಲಸಿನ ಬಾಗಿಲನ್ನು ಗುಜರಿಯವನು ನೂರೈವತ್ತು ರೂಪಾಯಿಗೆ ಒಯ್ದ. ಅವರ ಮೌನಕ್ಕೆ ಬೆಡ್‌ಶೀಟಷ್ಟೇ ಕಾರಣವಲ್ಲ.

ಮಧ್ಯಾಹ್ನ ಕುಳಿತು ನಾನೇ ಮೊದಲ ಕೈ ಹಚ್ಚಿದೆ. ಕೊಯ್ದ ಅಂಚಿಗೆ ಬ್ರಷ್ಷು ತಾಗಿಸಿದ ತಕ್ಷಣ ಪ್ರೈಮರ್ ಒಳಗೆ ಇಳಿದುಹೋಯಿತು; ಅದೇ ಬ್ರಷ್ಷನ್ನು ಎದುರಿನ ಮೈಗೆ ಒಂದು ಎಳೆ ಎಳೆದರೆ ಅಲ್ಲಿ ಹೊಳೆಯುತ್ತ ಹಾಗೆಯೇ ನಿಂತಿತ್ತು. ಮೂರನೆಯ ಸಲ ಹಚ್ಚಿದ ಮೇಲಷ್ಟೇ ಅಂಚು ಬೆಳ್ಳಗಾಯಿತು. ಆಮೇಲೆ ಸುಮ್ಮನಿರಲಾರದೆ ಕೈಗನ್ನಡಿಯನ್ನು ಉಳಿದ ಬಾಗಿಲುಗಳ ಕೆಳಗೆ ತೂರಿಸಿ, ಟಾರ್ಚು ಬಿಟ್ಟು ನೋಡಿದೆ. ಒಂದರ ತಳಕ್ಕೂ ಬಣ್ಣವಿಲ್ಲ. ಹಿತ್ತಿಲ ಬಾಗಿಲಿನ ಹಿಂಜಿನ ಕಡೆಯ ಮೂಲೆ ಆಗಲೇ ಕಪ್ಪಾಗಿದೆ.

ಆಚಾರ್ರು ನಾಳೆ ಒಂಬತ್ತಕ್ಕೆ ಮತ್ತೆ ಬರುತ್ತಾರೆ. ಹಿತ್ತಿಲ ಬಾಗಿಲನ್ನೂ ಬಿಚ್ಚಬೇಕೆಂದು ಅವರಿಗೂ ಹೇಳಿಲ್ಲ, ಯಜಮಾನರಿಗೂ ಹೇಳಿಲ್ಲ. ಪುಣ್ಯಕ್ಕೆ ಇಬ್ಬರೂ ಫೇಸ್‌ಬುಕ್ ನೋಡುವವರಲ್ಲ.