ಮುಕ್ತಾಯದ ಗೆರೆ ಹತ್ತಿರವಲ್ಲ, 32ನೇ ಕಿಲೋಮೀಟರ್‌ನಲ್ಲಿ ನಿಲ್ಲಿ

ಮ್ಯಾರಥಾನ್ ಓಡೋರಿಗೆ ನೆರವಾಗೋ ಬಗ್ಗೆ ಬಂದ ಬರಹದಲ್ಲಿರೋ ‘ಮನೆಯವರು ಮುಕ್ತಾಯದ ಗೆರೆ ಬಳಿ ನಿಂತು ಚಪ್ಪಾಳೆ ತಟ್ಟಿದರೆ ಸಾಕು’ ಅನ್ನೋ ಮಾತು ಒಪ್ಪೋಕಾಗಲ್ಲ. ಅಲ್ಲಿ ಜನಜಂಗುಳಿ, ನಿಮ್ಮ ದನಿ ಕೇಳಿಸೋದೇ ಇಲ್ಲ. 42.195 ಕಿ.ಮೀ. ಓಟದಲ್ಲಿ ಕಾಲು ಸೋಲೋದು 30 ದಾಟಿದ ಮೇಲೆ, ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ (ಶಕ್ತಿ ಕೊಡೋ ಸಕ್ಕರೆಯ ದಾಸ್ತಾನು) ಖಾಲಿಯಾಗುವಾಗ. ಅಮಾನಿಕೆರೆ ಸುತ್ತ ಅಭ್ಯಾಸ ಮಾಡಿ ಬೆಂಗಳೂರಿಗೆ ಓಡೋಕೆ ಹೋಗೋ ತುಮಕೂರಿನವರ ಮನೆಮಂದಿ 32ರ ಆಸುಪಾಸು ನಿಲ್ಲಬೇಕು. ಕಿಲೋಮೀಟರಿಗೆ ಆರೂವರೆ ನಿಮಿಷದ ಲೆಕ್ಕ ಹಾಕಿದರೆ, 5 ಗಂಟೆಗೆ ಹೊರಟವರು ಅಲ್ಲಿಗೆ ಬರೋದು ಸುಮಾರು ಎಂಟೂವರೆಗೆ. ಕಾಲು ಗಂಟೆ ಮುಂಚೆಯೇ ಎಡವೋ ಬಲವೋ, ಮೊದಲೇ ಹೇಳಿಟ್ಟ ಬದಿಯಲ್ಲಿರಿ.

‘ಇನ್ನೇನು ಬಂದೇಬಿಡ್ತು’ ಅಂತ ಮಾತ್ರ ಕೂಗಬೇಡಿ, ಇನ್ನೂ 10 ಕಿ.ಮೀ. ಬಾಕಿ ಇರುತ್ತೆ! ‘ಭುಜ ಸಡಿಲ ಬಿಡಣ್ಣ, ಹೆಜ್ಜೆ ಚಿಕ್ಕದಿಡು’ ಅಂದರೆ ಉಪಯೋಗಕ್ಕೆ ಬರುತ್ತೆ.

ಅದೇ ಬರಹದಲ್ಲಿ ‘ಸಿಕ್ಕಲ್ಲೆಲ್ಲ ನೀರು ಕುಡಿಸಿ’ ಅಂತ ಬರೆದಿರೋದಂತೂ ಅಪಾಯ. ಬರೀ ನೀರು ಅತಿಯಾದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ವಾಂತಿ ಶುರುವಾಗುತ್ತೆ. ಒಂದು ಲೀಟರ್ ನೀರಿಗೆ ಬೆರೆಸೋ ಓಆರ್‌ಎಸ್ (ಉಪ್ಪು-ಸಕ್ಕರೆ ಪುಡಿ) ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿಯೋದೂ ತಪ್ಪು, ನೀರು ತೀರಾ ಗಟ್ಟಿಯಾಗಿ ಹೊಟ್ಟೆ ಕೆಡುತ್ತೆ. ಹೊರಗಿನವರು ಇಂಥದ್ದನ್ನು ಓಟಗಾರರ ಕೈಗೆ ಕೊಡೋಕೆ ಆ ಓಟದ ನಿಯಮ ಬಿಡುತ್ತಾ ಅನ್ನೋದನ್ನೂ ನೋಡ್ಕೊಳ್ಳಿ.

ಓಟ ಮುಗಿದ ತಕ್ಷಣ ಕೂರಿಸದೆ ಹತ್ತು ನಿಮಿಷ ಮೆಲ್ಲಗೆ ನಡೆಸಿ. ಒಣ ಬನಿಯನ್, ಸಡಿಲ ಚಪ್ಪಲಿ ಚೀಲದಲ್ಲಿರಲಿ.